ಚೌಕಾಸಿ ಮಾಡದೆ ಕೊಂಡ ಫ್ಯಾನು

ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದು ಫ್ಯಾನಿದೆ. ಗಾಬರಿಯಾಗಬೇಡಿ, ಸೂರಿಗೆ ತೂಗುಹಾಕುವ ಫ್ಯಾನಲ್ಲ. ಅಂಗೈಯಗಲದ ಪುಟ್ಟ ಕಪ್ಪು ಫ್ಯಾನು. ಕಂಪ್ಯೂಟರಿನ ಡಬ್ಬದ ಬೆನ್ನಿಗೆ ಕೂತು ಒಳಗಿನ ಬಿಸಿಯನ್ನು ಹೊರಕ್ಕೆ ದಬ್ಬುವಂಥದ್ದು. ತಂದು ವರ್ಷಗಳಾದವು, ಮೇಲಿನ ಪ್ಲಾಸ್ಟಿಕ್ ಕವರನ್ನು ಇನ್ನೂ ಹರಿದಿಲ್ಲ. ಆಯುಧಪೂಜೆಗೆಂದು ಅಂಗಡಿ ಗುಡಿಸುವಾಗಲೆಲ್ಲ ಕೈಗೆ ಸಿಗುತ್ತದೆ. ನನ್ನ ಹೆಂಡತಿ ಶೈಲಾ ಅದನ್ನು ಎತ್ತಿ ಹಿಡಿದು, ಬಳಸೋದಾದರೆ ಬಳಸಿ, ಇಲ್ಲದಿದ್ದರೆ ಯಾರಿಗಾದರೂ ಮಾರಿ ಅನ್ನುತ್ತಾಳೆ. ನಾನು ಕಿವಿ ಕೇಳಿಸದವನ ಹಾಗೆ ಗಾಜು ಒರೆಸುತ್ತೇನೆ. ಹಳೇ ಪೇಪರಿನವನು ಬಂದರೆ ತಕ್ಕಡಿಯ ಮುಳ್ಳಿನ ಮೇಲೇ ಕಣ್ಣಿಟ್ಟು, ಖಾಲಿ ಇಂಕಿನ ಬಾಟಲಿಗೂ ಬೆಲೆ ಕಟ್ಟಿಸುವ ಗಂಡ ಇದೊಂದನ್ನು ಯಾಕೆ ಬಚ್ಚಿಟ್ಟುಕೊಂಡಿದ್ದಾನೆ ಎಂಬುದು ಅವಳಿಗೆ ಇನ್ನೂ ಅರ್ಥವಾಗಿಲ್ಲ.

ಬುದ್ಧಿ ಬಂದ ಮೇಲೆ ನಾನು ಚೌಕಾಸಿ ಮಾಡದೆ ಕೊಂಡ ವಸ್ತು ಅದೊಂದೇ. ಅವಳ ಕೊರಳಿನ ತಾಳಿಯನ್ನು ಕೂಡ ನಾನು ಚೌಕಾಸಿ ಮಾಡಿಯೇ ತಂದದ್ದು; ಅಕ್ಕಸಾಲಿಗ ಕೊನೆಗೆ ಕೈಮುಗಿದು, ಮದುವೆಯಾದರೂ ಮಾಡ್ಕೊಳ್ಳಿ ಸ್ವಾಮಿ, ನಿಮಗೊಂದು ಜತೆಯಾಗಲಿ ಅಂದಿದ್ದ. ಇಂಥವನು ಹೇಳಿದ ಬೆಲೆ ಕೊಟ್ಟು ಸುಮ್ಮನೆ ಎದ್ದು ಬಂದನೆಂದರೆ ಅದರ ಹಿಂದೆ ಏನೋ ಇರಲೇಬೇಕಲ್ಲ. ಇದೆ. ಫ್ಯಾನಿನ ವಿಷಯ ಹೇಳಬೇಕಾದರೆ ಮಹದೇವನ ವಿಷಯ ಹೇಳಬೇಕು. ಮಹದೇವ ನನಗಿದ್ದ ಒಬ್ಬನೇ ಸ್ನೇಹಿತ. ಈಗಿಲ್ಲ. ಸತ್ತಿಲ್ಲ ಮಹಾರಾಯರೇ, ರಾಮಕೃಷ್ಣನಗರದಲ್ಲಿ ಚೆನ್ನಾಗಿಯೇ ಇದ್ದಾನೆ.

ಮೊದಲು ಚೌಕಾಸಿಯ ಮಾತು ಮುಗಿಸಿಬಿಡುತ್ತೇನೆ. ಈಗಿನವರಿಗೆ ಅದು ಜಿಪುಣರ ಕಸುಬು ಅನ್ನಿಸಿದೆ. ಎಸಿ ಹಾಕಿದ ಅಂಗಡಿಗೆ ಹೋಗಿ, ಚೀಟಿಯಲ್ಲಿ ಬರೆದದ್ದನ್ನು ಕೊಟ್ಟು, ಒಂದು ಮಾತೂ ಆಡದೆ ಈಚೆ ಬರುತ್ತಾರೆ. ಮಾರಿದವನ ಮುಖ ನೆನಪಿರುವುದಿಲ್ಲ, ಕೊಂಡವನ ಮುಖ ಅವನಿಗೂ ಬೇಕಿಲ್ಲ. ಇದನ್ನು ಮರ್ಯಾದೆ ಅನ್ನುತ್ತಾರೆ. ನಾನು ಚೌಕಾಸಿ ಕಲಿತದ್ದು ಅಮ್ಮನಿಂದ. ಅಪ್ಪ ಬೇಗ ಹೋದರು. ಅಮ್ಮ ಅಗ್ರಹಾರದ ನಮ್ಮ ಓಣಿಮನೆಯಲ್ಲೇ ಕಾಲೇಜು ಹುಡುಗರಿಗೆ ಊಟ ಹಾಕುವ ಮೆಸ್ ಇಟ್ಟರು. ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿಗೆ ಅವರ ಸೆರಗು ಹಿಡಿದು ಹೋಗುತ್ತಿದ್ದೆ. ಬದನೆಕಾಯಿ ಗುಡ್ಡೆಯ ಎದುರು ಕೂತು ಅಮ್ಮ ಶುರುಮಾಡುತ್ತಿದ್ದುದು ಬೆಲೆಯಿಂದಲ್ಲ. ನಿನ್ನ ಮಗಳಿಗೆ ಗಂಡು ಗೊತ್ತಾಯ್ತಾ, ಸೊಸೆ ತವರಿಂದ ಬಂದಳಾ, ಮಂಡಿನೋವಿಗೆ ಏನು ಹಚ್ತಿದೀಯ. ಇದೆಲ್ಲ ಮುಗಿದು, ಎದ್ದು ಹೊರಟಂತೆ ಮಾಡಿ, ಕರೆಸಿಕೊಂಡು, ಮತ್ತೆ ಕೂತು, ಆಮೇಲೆ ಬೆಲೆ.

ಹೂವಿನ ಸಾಲಿನಲ್ಲಿ ಇನ್ನೊಂದು ವಿದ್ಯೆ. ಮಲ್ಲಿಗೆಯನ್ನು ಮೊಳದ ಲೆಕ್ಕದಲ್ಲಿ ಮಾರುತ್ತಾರೆ, ಮೊಳ ಮಾರುವವರ ಕೈಯದ್ದು. ಅಮ್ಮ ಹೂವನ್ನು ನೋಡುತ್ತಿರಲಿಲ್ಲ, ತೋಳು ನೋಡುತ್ತಿದ್ದರು. ಸಾಲಿನ ಕೊನೆಯಲ್ಲಿ ಉದ್ದ ತೋಳಿನ ಒಬ್ಬಾಕೆ ಕೂರುತ್ತಿದ್ದಳು. ಅವಳೇ ನಮ್ಮ ಖಾಯಂ. ಅವಳು ರಜೆ ಹಾಕಿದ ದಿನ ನಮ್ಮ ಮನೆಯ ದೇವರಿಗೆ ದಾಸವಾಳವೇ ಗತಿ. ಒಮ್ಮೆ ನಾನು, ಅವರು ಕೇಳಿದಷ್ಟು ಕೊಟ್ಟುಬಿಡಮ್ಮ, ಸ್ಕೂಲಿಗೆ ಹೊತ್ತಾಯ್ತು ಅಂದೆ. ಅಮ್ಮ ನಡುದಾರಿಯಲ್ಲೇ ನಿಂತು ಹೇಳಿದರು: "ಕೇಳಿದಷ್ಟು ಕೊಟ್ಟುಬಿಟ್ಟರೆ ಅವಳಿಗೆ ಈವತ್ತು ನಿದ್ದೆ ಬರಲ್ಲ ಕಣೋ. ಅಯ್ಯೋ, ಇನ್ನೂ ಜಾಸ್ತಿ ಹೇಳಬಹುದಿತ್ತಲ್ಲಾ ಅಂತ ಹೊರಳಾಡ್ತಾಳೆ." ಈ ಮಾತಿಗಿಂತ ದೊಡ್ಡ ಅರ್ಥಶಾಸ್ತ್ರವನ್ನು ನಾನು ಎಲ್ಲೂ ಓದಿಲ್ಲ. ಓದಿದ್ದೂ ಕಮ್ಮಿ ಅನ್ನಿ.

ಮಹದೇವ ಸಿಕ್ಕಿದ್ದು ತೊಂಬತ್ತರ ದಶಕದ ಶುರುವಿನಲ್ಲಿ, ಟೈಪಿಂಗ್ ಕ್ಲಾಸಿನಲ್ಲಿ. ಪಕ್ಕಪಕ್ಕದ ಮಿಷಿನ್ನು. ನನ್ನ ಮಿಷಿನ್ನಿನಲ್ಲಿ ಒಂದು ಕೀಲಿ ಒತ್ತಿದರೆ ಎರಡು ಅಕ್ಷರ ಎದ್ದು ಬಂದು ತಬ್ಬಿಕೊಳ್ಳುತ್ತಿದ್ದವು, ಅವನದರಲ್ಲಿ ಒತ್ತಿದರೂ ಏಳುತ್ತಿರಲಿಲ್ಲ. ಇಬ್ಬರೂ ಸೇರಿ ಒಂದು ಮಿಷಿನ್ನಿನಷ್ಟು ಕಲಿತೆವು. ಅವನ ಮನೆಯವರು ನರಸೀಪುರದ ಕಡೆಯ ಹಳ್ಳಿಯಿಂದ ಬಂದವರು. ಮನೆಯಲ್ಲಿ ದೇವರ ಪಟಗಳಿದ್ದ ಜಾಗದಲ್ಲಿ ಬುದ್ಧನ ಒಂದೇ ಪಟ, ಅದರ ಮುಂದೆ ಒಂದು ದೀಪ. ಅವನ ಅಪ್ಪ ದೇವರಾಜ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು. ನಮ್ಮಮ್ಮ ಮೆಸ್ಸಿಗೆ ಕೊಂಡ ತರಕಾರಿ ಮೂಟೆಯನ್ನು ಹೊರಿಸಿಕೊಂಡು ಬರುತ್ತಿದ್ದುದು ಅಲ್ಲಿಯ ಆಳುಗಳಿಂದಲೇ ಎಂದು ಗೊತ್ತಾದಾಗ ಮಹದೇವ, ಹಂಗಾದ್ರೆ ನಿಮ್ಮನೆ ಕುಂಬಳಕಾಯಿನ ನಮ್ಮಪ್ಪನೇ ಹೊತ್ತಿರ್ತಾನೆ ಕಣೋ ಸಾವ್ಕಾರ, ಅಂದು ನಕ್ಕಿದ್ದ. ಜೇಬಿನಲ್ಲಿ ಬಸ್ ಚಾರ್ಜಿಗೂ ಕಾಸಿಲ್ಲದ ನನ್ನನ್ನು ಅವನು ಕರೆಯುತ್ತಿದ್ದುದೇ ಸಾವ್ಕಾರ ಎಂದು. ನಾನೂ ನಕ್ಕಿದ್ದೆ. ನಗುವ ವಯಸ್ಸು.

ನಾನು ಸೈಕಲ್ಲಿನ ಮೇಲೆ ಊದುಬತ್ತಿ ಮಾರಿದೆ, ರಬ್ಬರ್ ಸ್ಟಾಂಪು ಮಾಡಿಸಿಕೊಟ್ಟೆ, ಲಗ್ನಪತ್ರಿಕೆಯ ಆರ್ಡರು ಹಿಡಿದು ಪ್ರೆಸ್ಸುಗಳಿಗೆ ಅಲೆದೆ. ಮಹದೇವ ಕಂಪ್ಯೂಟರು ಬಿಚ್ಚಿ ಜೋಡಿಸುವುದನ್ನು ಕಲಿತ. ಕೊನೆಗೆ ಇಬ್ಬರೂ ಸೇರಿ ಅಗ್ರಹಾರದಲ್ಲಿ ಒಂದು ಶಟರಿನ ಅಂಗಡಿ ಹಿಡಿದೆವು. ಎಡಗಡೆ ನಾನು: ಡಿಟಿಪಿ, ಲಗ್ನಪತ್ರಿಕೆ, ಗೃಹಪ್ರವೇಶ, ನಾಮಕರಣ. ಬಲಗಡೆ ಅವನು: ಕಂಪ್ಯೂಟರು ರಿಪೇರಿ, ಜೋಡಣೆ. ನಡುವೆ ಗೋಡೆಯಿಲ್ಲ, ಒಂದು ಬೆಂಚು ಮಾತ್ರ. ಕಾಫಿ ಬಂದರೆ ಅದರ ಮೇಲೆ. ಶಟರಿಗೆ ಎರಡು ಕಡೆ ಬೀಗ. ಒಂದರ ಕೀ ನನ್ನಲ್ಲಿ, ಇನ್ನೊಂದರದು ಅವನಲ್ಲಿ. ಒಬ್ಬ ಬರದಿದ್ದರೆ ಇನ್ನೊಬ್ಬ ಬೀದಿಯಲ್ಲೇ. ಹೀಗೆ ಬೀಗ ಹಾಕಿಸಿದ್ದು ನನ್ನದೇ ಉಪಾಯ. ಜತೆ ಬಿಡಬಾರದು ಅಂತ. ನಿಮಗೊಂದು ಬುದ್ಧಿಮಾತು: ಸ್ನೇಹಕ್ಕೆ ಬೀಗ ಹಾಕಿಸಬೇಡಿ. ಬೀಗದ ಅಂಗಡಿಯವನಿಗೊಬ್ಬನಿಗೆ ಲಾಭ.

ನನ್ನ ಮೊದಲ ಕಂಪ್ಯೂಟರನ್ನು ಜೋಡಿಸಿಕೊಟ್ಟವನು ಮಹದೇವನೇ. ಒಂದೊಂದು ಭಾಗಕ್ಕೂ ನಾನು ಅವನ ಜತೆ ಚೌಕಾಸಿ ಮಾಡಿದೆ. ಅದು ನಮ್ಮಿಬ್ಬರ ಆಟ. ಅವನು ನನಗೆಂದೇ ಒಂದಿಷ್ಟು ಏರಿಸಿ ಬೆಲೆ ಹೇಳುತ್ತಿದ್ದ, ನಾನು ಇಳಿಸಲಿ ಅಂತ. ನಾನು ಎದೆ ಹಿಡಿದುಕೊಂಡು ಬೆಂಚಿನ ಮೇಲೆ ಒರಗುತ್ತಿದ್ದೆ. ಅವನು ಏಳು ಸಾವ್ಕಾರ, ನಾಟಕ ಸಾಕು ಅನ್ನುತ್ತಿದ್ದ. ಏರಿಸಿದ್ದನ್ನು ನಾನು ಇಳಿಸುತ್ತಿದ್ದೆ, ಮೊದಲಿನಿಂದಲೂ ಇದ್ದ ಬೆಲೆಗೇ ಬಂದು ನಿಲ್ಲುತ್ತಿದ್ದೆವು, ಮಧ್ಯೆ ಒಂದು ಕಾಫಿ ಆಗುತ್ತಿತ್ತು. ಗಿರಾಕಿಗಳು ನಿಂತು ನೋಡುತ್ತಿದ್ದರು. ಅವನಿಗೂ ಅದು ಆಟವೇ ಅಂದುಕೊಂಡಿದ್ದೆ. ಹಾಗಂದುಕೊಳ್ಳಲು ನನ್ನ ಹತ್ತಿರ ಕಾರಣವಿತ್ತು: ಅವನು ನಗುತ್ತಿದ್ದ.

ಇನ್ನು ಆಯುಧಪೂಜೆ. ಆ ದಿನ ಮೈಸೂರಿನಲ್ಲಿ ಆಟೋದಿಂದ ಹಿಡಿದು ಅಡಿಕೆ ಕತ್ತರಿಯವರೆಗೆ ಎಲ್ಲಕ್ಕೂ ಹಣೆಗೆ ಕುಂಕುಮ, ಕೊರಳಿಗೆ ಹಾರ, ಮೈಗೆ ರಜೆ. ನಮ್ಮ ಅಂಗಡಿಯ ಪೂಜೆ ಅಮ್ಮನ ಪಾಲು. ಮಹದೇವ ಪೂಜೆ ಮಾಡುವವನಲ್ಲ, ಆದರೆ ಅಮ್ಮ ಅವನ ಸ್ಕ್ರೂಡ್ರೈವರುಗಳಿಗೆಲ್ಲ ವಿಭೂತಿ ಬಳಿದು ಸಾಲಾಗಿ ಮಲಗಿಸಿದರೆ ಬೇಡ ಅನ್ನುತ್ತಿರಲಿಲ್ಲ. ಆ ವರ್ಷ, ಹೊಸ ಶತಮಾನ ಬಂದು ಒಂದೆರಡು ವರ್ಷವಾಗಿರಬೇಕು, ಅಮ್ಮನಿಗೊಂದು ತೊಡಕು ಬಂತು. ಮಾನಿಟರಿಗೆ ಹಾರ ಹಾಕಿದರೆ ನಿಲ್ಲುತ್ತದೆ, ಅದಕ್ಕೆ ಭುಜವಿದೆ. ಪಕ್ಕದ ಡಬ್ಬಕ್ಕೆ ಭುಜವೂ ಇಲ್ಲ, ಮೊಳೆಯೂ ಇಲ್ಲ; ಹಾಕಿದ ಹಾರ ಜಾರಿ ನೆಲಕ್ಕೆ. ಬುದ್ಧಿಯಿರುವುದೆಲ್ಲ ಡಬ್ಬದಲ್ಲೇ ಅಂತ ನಾನೇ ಅವರಿಗೆ ಹೇಳಿಕೊಟ್ಟಿದ್ದೆ, ಹಾಗಾಗಿ ಅದನ್ನು ಬರೀ ಕೊರಳಲ್ಲಿ ಬಿಡುವುದು ಅವರಿಗೆ ಒಪ್ಪಲಿಲ್ಲ. ಹಿಂದೆ ತೂತುತೂತಿನ ಜಾಲರಿ ಕಂಡಿತು. ಹಾರದ ಬಾಳೆನಾರನ್ನು ಆ ತೂತಿನೊಳಗೆ ತೂರಿಸಿ, ಬಿಗಿಯಾಗಿ ಗಂಟು ಹಾಕಿದರು. ನೋಡಿ, ಎಷ್ಟು ಚೆನ್ನಾಗಿ ಕೂತಿತು ಅಂದರು. ಕೂತಿತ್ತು, ನಿಜ.

ವಿಜಯದಶಮಿ ಕಳೆದು, ಊರೆಲ್ಲ ಮೆರವಣಿಗೆ ನೋಡಿ ದಣಿದ ಮೇಲೆ ಅಂಗಡಿ ತೆಗೆದೆ. ಬಾಡಿದ ಹಾರವನ್ನು ಎಳೆದೆ, ಬಂತು. ಕಂಪ್ಯೂಟರು ಹಾಕಿ ಕೆಲಸಕ್ಕೆ ಕೂತೆ. ರಾಮಕೃಷ್ಣನಗರದ ಒಬ್ಬ ರಿಟೈರಾದ ಹೆಡ್ಮಾಸ್ಟರು ಮಗಳ ಲಗ್ನಪತ್ರಿಕೆಗೆ ಬಂದಿದ್ದರು. ತುಳಸಿಹಬ್ಬ ಆದ ಕೂಡಲೇ ಮದುವೆ. ಒಂದೊಂದು ಅಕ್ಷರಕ್ಕೂ ಒಂದೊಂದು ತಿದ್ದುಪಡಿ ಹೇಳುತ್ತ ಪಕ್ಕದಲ್ಲೇ ಕೂತರು. ಬೀಗರ ಹೆಸರಿನ ಹಿಂದಿನ ಬಿರುದುಗಳಿಗೆ ಬರುವ ಹೊತ್ತಿಗೆ ಕಂಪ್ಯೂಟರು ಟಪ್ಪೆಂದು ಆರಿಹೋಯಿತು. ಕರೆಂಟು ಹೋಗಿದೆ ಅಂತ ತಲೆಯೆತ್ತಿದರೆ ಟ್ಯೂಬ್‌ಲೈಟು ನನ್ನನ್ನೇ ನೋಡುತ್ತಿತ್ತು. ಮತ್ತೆ ಹಾಕಿದೆ, ಟೈಪು ಮಾಡಿದೆ, ಮತ್ತೆ ಆರಿತು. ಡಬ್ಬದ ನೆತ್ತಿ ಮುಟ್ಟಿದರೆ ದೋಸೆಕಾವಲಿ.

ಇಲ್ಲಿ ನನ್ನ ಸಲಹೆ ಬರೆದುಕೊಳ್ಳಿ. ಪುಕ್ಕಟೆ ಸಲಹೆಗೆ ಊರಲ್ಲಿ ಬೆಲೆಯಿಲ್ಲ, ಆದರೂ ಕೊಡುತ್ತೇನೆ. ಕಂಪ್ಯೂಟರು ತಾನಾಗಿ ಆರಿದರೆ ಅದನ್ನು ಬೈಯುವ ಮೊದಲು ಒಂದು ಕಾಗದದ ಚೂರನ್ನು ಡಬ್ಬದ ಬೆನ್ನಿಗೆ ಹಿಡಿಯಿರಿ. ಕಾಗದ ಪಟಪಟ ಅಂದರೆ ಒಳಗೆ ಉಸಿರಿದೆ. ನಾನು ಹಿಡಿದೆ. ಕಾಗದ ಮಿಸುಕಲಿಲ್ಲ.

ಮಹದೇವನನ್ನು ಕರೆದೆ. ಅವನು ಯಾವುದೋ ಮಿಷಿನ್ನಿನ ಹೊಟ್ಟೆಯೊಳಗೆ ಕೈಯಿಟ್ಟವನು ಎದ್ದು ಬಂದು, ಹಿಂದೆ ಬಗ್ಗಿ ನೋಡಿ, ಫ್ಯಾನು ಹೋಗಿದೆ, ಹೊಸದು ಹಾಕ್ಬೇಕು ಅಂದ. ಬೆಲೆ ಹೇಳಿದ. ಎಂದಿನಂತೆ ಏರಿಸಿಯೇ ಹೇಳಿದ್ದ. ನಾನು ಎಂದಿನಂತೆ ಎದೆ ಹಿಡಿದುಕೊಂಡೆ. ಹಾಕಿಕೊಟ್ಟವನೂ ನೀನೇ, ಕೆಟ್ಟಿದೆ ಅನ್ನೋನೂ ನೀನೇ, ಅರ್ಧಕ್ಕೆ ಕೊಡೋ ಅಂದೆ. ಹೆಡ್ಮಾಸ್ಟರಿಗೆ ಹೊತ್ತು ಹೋಗಬೇಕಿತ್ತು. ಅವರು ಕಾಲ ಮೇಲೆ ಕಾಲು ಹಾಕಿಕೊಂಡು, "ಅರ್ಧ ಯಾಕ್ರೀ, ಪುಕ್ಕಟೆ ಕೇಳಿ. ಕೊಡ್ತಾನೆ, ಎಲ್ಲಿಗೆ ಹೋಗ್ತಾನೆ" ಅಂದರು.

ನನ್ನ ಜತೆ ಬಹುವಚನ, ಮಹದೇವನಿಗೆ ಏಕವಚನ. ಅದನ್ನು ನಾನು ಆಗ ಗಮನಿಸಲಿಲ್ಲ; ಗಮನಿಸಿದ್ದು ಎಷ್ಟೋ ಕಾಲದ ಮೇಲೆ, ಬೇರೆ ಯಾರೋ ನನ್ನನ್ನು ಹಾಗೆ ಮಾತಾಡಿಸಿದಾಗ. ಗಿರಾಕಿ ನಕ್ಕರೆ ಅಂಗಡಿಯವನೂ ಹಲ್ಲು ಬಿಡಬೇಕು, ಅದು ಕಸುಬಿನ ನಿಯಮ. ಬಿಟ್ಟೆ.

ಮಹದೇವ ನಗಲಿಲ್ಲ. ಬೆಂಚಿನ ಮೇಲಿದ್ದ ಬಟ್ಟೆಯಲ್ಲಿ ಕೈ ಒರೆಸಿಕೊಂಡ, ಬೆರಳು ಬೆರಳಾಗಿ. ಆಮೇಲೆ ದನಿಯನ್ನೇನೂ ಏರಿಸದೆ ಹೇಳಿದ:

"ನಂಜುಂಡ, ನಿಮ್ಮಮ್ಮ ಹೂವಿನೋರತ್ರ ಚೌಕಾಸಿ ಮಾಡ್ತಿದ್ರು, ಅದು ಮಾತುಕತೆ ಅಂತೀಯ. ಸರಿ. ಆಮೇಲೆ ಮೂಟೆ ಹೊತ್ಕೊಂಡು ಬಂದ ನಮ್ಮಪ್ಪನತ್ರನೂ ಮಾಡ್ತಿದ್ರಲ್ಲ, ಅದುಕ್ಕೇನಂತೀಯ? ನಿಮ್ಮನೇಲಿ ಅದು ಕಥೆ ಕಣೋ. ನಮ್ಮನೇಲಿ ಅದು ರಾತ್ರಿ ಊಟ."

ಸಾವ್ಕಾರ ಅನ್ನಲಿಲ್ಲ, ನಂಜುಂಡ ಅಂದ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಹೆಡ್ಮಾಸ್ಟರು ಏನ್ರೀ ಇವನು, ತಮಾಷೆಗಂದ್ರೆ ಅಂತೇನೋ ಗೊಣಗಿ, ಪ್ರೂಫು ನಾಳೆ ನೋಡ್ತೀನಿ ಎಂದು ಎದ್ದರು.

ಉತ್ತರ ನನ್ನ ಹತ್ತಿರ ಇತ್ತು. ಈಗಲೂ ಇದೆ. ಗಂಡ ಸತ್ತ ಹೆಂಗಸು ಕಂಡವರ ಮಕ್ಕಳಿಗೆ ಅನ್ನ ಬೇಯಿಸಿ ಹಾಕಿ, ಮಿಕ್ಕಿದ್ದರಲ್ಲಿ ನನ್ನನ್ನು ಸಾಕಿದಳು. ಅವಳು ಬದನೆಕಾಯಿಯಲ್ಲಿ ಉಳಿಸಿದ್ದು, ಮೂಟೆ ಕೂಲಿಯಲ್ಲಿ ಉಳಿಸಿದ್ದು, ಅದೂ ನಮ್ಮ ರಾತ್ರಿ ಊಟವೇ ಆಗಿತ್ತು. ಇಬ್ಬರ ಮನೆಯ ತಟ್ಟೆಯೂ ಒಂದೇ ಮೂಟೆಯ ಕೆಳಗಿತ್ತು ಕಣೋ ಅನ್ನಬೇಕಿತ್ತು. ಇಷ್ಟು ವರ್ಷ ಜತೆಯಲ್ಲಿ ಕಾಫಿ ಕುಡಿದವನು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡೇ ನಗುತ್ತಿದ್ದನಲ್ಲ, ಹೇಳಬಾರದಿತ್ತೇ? ಹೇಳಿದ್ದರೆ ನಾನು ಕೇಳಿದಷ್ಟು ಕೊಡುತ್ತಿದ್ದೆನೇ? ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ಆದರೆ ಹೇಳಬಹುದಿತ್ತು.

ಸಿಟ್ಟಿಗೆ ಕೈಗೆ ಕೆಲಸ ಬೇಕು. ಹೊಸ ಫ್ಯಾನು ತರುವುದಿಲ್ಲ, ಇದನ್ನೇ ತಿರುಗಿಸುತ್ತೇನೆ ಅಂತ ಡಬ್ಬದ ಪಕ್ಕದ ತಗಡು ಬಿಚ್ಚಿದೆ. ಅಮ್ಮ ಊಟಕ್ಕೆ ಕರೆದರೂ ಹೋಗಲಿಲ್ಲ. ಮೊದಲು ಫ್ಯಾನಿಗೆ ಕರೆಂಟು ಕೊಡುವ ಪಿನ್ನನ್ನು ಕಿತ್ತು, ಬೇರೆ ವೈರಿಗೆ ಹಾಕಿ ನೋಡಿದೆ. ತಿರುಗಲಿಲ್ಲ. ಉರಿದು ಮುಗಿದ ಊದುಬತ್ತಿಯ ಕಡ್ಡಿಯಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದೆ; ಬೆರಳು ಹಾಕಬೇಡಿ, ಹೇಳಿದ್ದೇನೆ. ಹಾಗೆ ತಳ್ಳಿದಾಗ ಫ್ಯಾನು ಹೊರಟುಬಿಟ್ಟರೆ ಒಳಗೆ ಎಣ್ಣೆ ಒಣಗಿದೆ ಅಂತ. ಸಲೀಸಾಗಿ ಸುತ್ತಿ ಸುಮ್ಮನಾದರೆ ಕರೆಂಟು ಬರುತ್ತಿಲ್ಲ ಅಂತ, ಇಲ್ಲವೇ ಒಳಗಿನ ಸುರುಳಿ ಸುಟ್ಟಿದೆ ಅಂತ. ನನ್ನದು ಎರಡೂ ಮಾಡಲಿಲ್ಲ. ಸ್ವಲ್ಪ ಮುಂದೆ ಹೋಗಿ, ಯಾರೋ ಸೆರಗು ಹಿಡಿದು ಜಗ್ಗಿದ ಹಾಗೆ ಹಿಂದಕ್ಕೆ ಬಂತು. ಮತ್ತೆ ತಳ್ಳಿದೆ, ಮತ್ತೆ ಹಿಂದಕ್ಕೆ.

ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ನಾಲ್ಕು ಮೂಲೆಯ ಸ್ಕ್ರೂ ಬಿಚ್ಚಿ ಫ್ಯಾನನ್ನು ಕೈಗೆ ತೆಗೆದುಕೊಂಡೆ. ನಡುವಿನ ಚೀಟಿ ಎಬ್ಬಿಸಿ ಹೊಲಿಗೆ ಮಿಷಿನ್ನಿನ ಎಣ್ಣೆ ಬಿಟ್ಟೆ. ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಚಳಿಗಾಲಕ್ಕೆ ಅದು ಗಟ್ಟಿಯಾಗಿ ಫ್ಯಾನಿಗೆ ತಲೆಸ್ನಾನ ಮಾಡಿಸಬೇಕಾಗುತ್ತದೆ. ಎಣ್ಣೆಗೂ ಜಗ್ಗಲಿಲ್ಲ. ಕೊನೆಗೆ ಟ್ಯೂಬ್‌ಲೈಟಿನ ಎದುರು ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದೆ. ರೆಕ್ಕೆಗಳ ಬೆನ್ನಿಗೆ, ಅವು ಸುತ್ತುವ ಕಡ್ಡಿಯ ಬುಡದಲ್ಲಿ ಧೂಳು ಮೆತ್ತಿದ ಕಂದು ಎಳೆಯೊಂದು ಬಿಗಿಯಾಗಿ ಸುತ್ತಿಕೊಂಡಿತ್ತು. ಸೂಜಿಯಿಂದ ಮೀಟಿ ತುದಿ ಹಿಡಿದು ಎಳೆದೆ. ಬಾಳೆನಾರು. ಕೊನೆಯಲ್ಲಿ ಒಣಗಿದ ಒಂದು ಮಲ್ಲಿಗೆ ಮೊಗ್ಗು. ಹಾರ ಎಳೆದಾಗ ಹೂವೆಲ್ಲ ನನ್ನ ಕೈಗೆ ಬಂದಿತ್ತು. ಅಮ್ಮನ ಗಂಟು ಒಳಗೇ ಉಳಿದಿತ್ತು. ಮಿಷಿನ್ನು ಹಾಕಿದೊಡನೆ ಫ್ಯಾನು ಅದನ್ನು ತನಗೆ ತಾನೇ ಸುತ್ತಿಕೊಂಡು ನಿಂತುಬಿಟ್ಟಿತ್ತು.

ಫ್ಯಾನನ್ನು ಮತ್ತೆ ಕೂರಿಸಿ, ಪಿನ್ನು ಹಾಕಿ, ಪ್ಲಗ್ಗು ಚುಚ್ಚಿ ಸ್ವಿಚ್ಚು ಒತ್ತಿದೆ. ಗಿರ್ರನೆ ತಿರುಗಿತು. ಕಾಗದ ಪಟಪಟ ಅಂದಿತು.

ನಾರಿಗೂ ಮಾತಿಗೂ ಹೋಲಿಕೆ ಕೊಟ್ಟು ಒಂದು ಉಪದೇಶ ಬರೆಯಲು ಇಲ್ಲಿ ಕೈ ತುರಿಸುತ್ತದೆ. ಬೇಡ. ಲಗ್ನಪತ್ರಿಕೆಯ ಮೇಲೆ ಅಂಥವನ್ನು ಸಾಕಷ್ಟು ಅಚ್ಚು ಹಾಕಿದ್ದೇನೆ, ಆ ಮದುವೆಗಳೆಲ್ಲ ಏನಾದವು ಎಂದೂ ಗೊತ್ತಿದೆ.

ಮಾರನೆಯ ಬೆಳಿಗ್ಗೆ ಆ ನಾರನ್ನು ಕಾಗದದಲ್ಲಿ ಮಡಿಸಿಕೊಂಡು ಶಟರಿನ ಮುಂದೆ ಕಾದೆ. ಮಹದೇವ ಬಂದ, ತನ್ನ ಬೀಗ ತೆಗೆದ. ನಾನು ನನ್ನದು ತೆಗೆದೆ. ಇಬ್ಬರೂ ಎರಡು ಕಡೆ ಹಿಡಿದು ಶಟರು ಎತ್ತಿದೆವು, ದಿನದಂತೆ. ನಾರು ತೋರಿಸಿದೆ. ನೋಡೋ, ತಪ್ಪು ಫ್ಯಾನಿನದಲ್ಲ, ನಿನ್ನದೂ ಅಲ್ಲ, ಅಮ್ಮ ಗಂಟು ಹಾಕಿದ ಹೂವಿನ ನಾರು ಅಂದೆ. ನನ್ನ ಮಟ್ಟಿಗೆ ಅದು ದೊಡ್ಡ ಮಾತು. ಅಮ್ಮನ ಗಂಟಿನ ಮೇಲೆ ತಪ್ಪು ಹೊರಿಸಿದ್ದು ಅದೇ ಮೊದಲು.

ಅವನು ನಾರನ್ನು ನೋಡಿದ. ಮುಟ್ಟಲಿಲ್ಲ. "ನಾನ್ಯಾವಾಗ ಫ್ಯಾನಿನ ಮಾತಾಡ್ದೆ?" ಅಂದ. "ತಿರುಗ್ತಲ್ಲ, ಬುಡು" ಅಂದು ತನ್ನ ಜಾಗಕ್ಕೆ ಹೋಗಿ ಸ್ಕ್ರೂಡ್ರೈವರುಗಳನ್ನು ಡಬ್ಬಕ್ಕೆ ತುಂಬತೊಡಗಿದ. ಅವುಗಳ ಹಿಡಿಯ ಮೇಲೆ ಅಮ್ಮನ ವಿಭೂತಿ ಇನ್ನೂ ಹಾಗೇ ಇತ್ತು.

ದೀಪಾವಳಿಗೆ ಮುಂಚೆ ಅವನು ಅಂಗಡಿ ಬಿಟ್ಟ. ತನ್ನ ಬೀಗದ ಕೀಯನ್ನು ಬೆಂಚಿನ ಮೇಲಿಟ್ಟು ಹೋದ. ಈಗ ಎರಡೂ ಬೀಗ ನಾನೇ ಹಾಕುತ್ತೇನೆ. ಶಟರು ಒಬ್ಬನೇ ಎತ್ತಿದರೆ ಒಂದು ಕಡೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ರಿಪೇರಿಯವನನ್ನು ಕರೆಸಿದರೆ ಶಟರು ಸರಿಯಾಗಿದೆ, ನೀವು ಎತ್ತೋದು ಸರಿಯಿಲ್ಲ ಅಂತಾನೆ. ಅವನ ಜಾಗದಲ್ಲಿ ಜೆರಾಕ್ಸ್ ಮಿಷಿನ್ನು ಇಟ್ಟಿದ್ದೇನೆ. ಚೆನ್ನಾಗಿ ನಡೆಯುತ್ತದೆ, ಕಾಫಿ ಕುಡಿಯುವುದಿಲ್ಲ.

ಅಮ್ಮ ಕೆಲವು ದಿನ ಮಹದೇವ ಎಲ್ಲೋ, ಮಹದೇವ ಎಲ್ಲೋ ಅಂದರು. ಬೇರೆ ಕಡೆ ವ್ಯಾಪಾರ ಕುದುರಿದೆ ಅಂದೆ. ಗಂಟಿನ ವಿಷಯ ಹೇಳಲಿಲ್ಲ, ಕೂಲಿಯ ವಿಷಯವನ್ನಂತೂ ಇಲ್ಲವೇ ಇಲ್ಲ. ಅಮ್ಮ ತೀರಿಕೊಂಡ ದಿನ ಮಹದೇವ ಬಂದಿದ್ದನಂತೆ. ಹಾರ ಹಾಕಿ, ಬಾಗಿಲ ಹತ್ತಿರ ನಿಂತಿದ್ದು, ನಾನು ತಲೆಯೆತ್ತುವ ಹೊತ್ತಿಗೆ ಇರಲಿಲ್ಲವಂತೆ. ಶೈಲಾ ಹೇಳಿದ್ದು. ಉದ್ದನೆ ಹಾರ, ಒಳ್ಳೇ ಹೂವು, ನೋಡಿದರೇ ಗೊತ್ತಾಗುತ್ತಿತ್ತು, ಚೌಕಾಸಿ ಮಾಡದೆ ತಂದದ್ದು.

ಅದಾದ ಮೇಲೆ, ಒಂದು ದಿನ ಸುಮ್ಮನೆ ರಾಮಕೃಷ್ಣನಗರದ ಕಡೆ ಸ್ಕೂಟರು ತಿರುಗಿಸಿದೆ. ಫ್ಯಾನು ಸದ್ದು ಮಾಡುತ್ತಿದೆ, ಹೊಸದು ಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಸದ್ದು ಮಾಡುತ್ತಿರಲಿಲ್ಲ. ಮಹದೇವ ಅಲ್ಲಿ ಇಟ್ಟಿದ್ದ ಅಂಗಡಿಗೆ ಗಾಜಿನ ಬಾಗಿಲು, ಒಳಗೆ ಬೆಳಕೋ ಬೆಳಕು. ಅವನ ಕುರ್ಚಿಯ ಹಿಂದೆ ಕೆಂಪಕ್ಷರದ ಬೋರ್ಡು: ಒಂದೇ ಬೆಲೆ. ಓದಿದೆ. ಓದಲಿ ಎಂದೇ ತೂಗುಹಾಕಿದ್ದಲ್ಲವೇ?

ಮಹದೇವ ನನ್ನನ್ನು ನೋಡಿದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. "ಏನು ಬೇಕಾಗಿತ್ತು?" ಅಂದ. ಬಾರೋ ಅಂದಿದ್ದರೆ ಕೂರುತ್ತಿದ್ದೆ, ಬನ್ನಿ ಅಂದಿದ್ದರೆ ಹಿಂದಿರುಗುತ್ತಿದ್ದೆ. ಎರಡೂ ಅಲ್ಲದ ಮಾತು. ಫ್ಯಾನು ಅಂದೆ, ಡಬ್ಬದ ಹಿಂದೆ ಹಾಕೋದು. ಒಳಗಿನಿಂದ ಒಂದನ್ನು ತಂದು ಗಾಜಿನ ಕೌಂಟರಿನ ಮೇಲಿಟ್ಟು ಬೆಲೆ ಹೇಳಿದ. ಹೇಳಿ, ಫ್ಯಾನಿನ ಮೇಲಿಟ್ಟ ಕೈಯನ್ನು ಹಾಗೇ ಇಟ್ಟುಕೊಂಡ. ರಸೀದಿ ಪುಸ್ತಕ ಪಕ್ಕದಲ್ಲೇ ಇತ್ತು, ಎಳೆದುಕೊಳ್ಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ.

ನಾನು ದಾರಿಯುದ್ದಕ್ಕೂ ನಿಶ್ಚಯ ಮಾಡಿಕೊಂಡು ಬಂದಿದ್ದೆ. ಏನೇ ಹೇಳಲಿ, ಒಂದು ಮಾತೂ ಆಡದೆ ಕೊಡುವುದು. ನೋಡು, ನಾನೂ ಕಲಿತಿದ್ದೇನೆ ಅಂತ ತೋರಿಸುವುದು. ಬೋರ್ಡು ನೋಡಿದ ಮೇಲಂತೂ ನಾಲಿಗೆಗೆ ಬೀಗ. ಜೇಬಿನಿಂದ ತೆಗೆದು, ಚಿಲ್ಲರೆ ಸಮೇತ ಎಣಿಸಿ ಗಾಜಿನ ಮೇಲಿಟ್ಟೆ. ಅವನು ಆ ನೋಟುಗಳನ್ನು ನೋಡಿದ, ನನ್ನನ್ನು ನೋಡಿದ. ನನ್ನಿಂದ ಇನ್ನೇನೋ ಬರಬೇಕಿತ್ತು ಅನ್ನುವಂತೆ. ಆಮೇಲೆ ಕೈ ತೆಗೆದ. "ಸರಿಯಾಗಿದೆ" ಅಂದ. ನಾನು ಹೊರಟೆ.

ಮನೆಗೆ ಬಂದು ಕವರು ಮಗುಚಿ ನೋಡಿದರೆ ಹಿಂದೆ ಬೆಲೆಯ ಚೀಟಿ ಅಂಟಿಸಿತ್ತು. ಅವನ ಅಂಗಡಿಯದೇ, ಅವನದೇ ಅಕ್ಷರ. ಅವನು ಬಾಯಲ್ಲಿ ಹೇಳಿದ್ದಕ್ಕಿಂತ ಕಮ್ಮಿಯಿತ್ತು. ಎಷ್ಟು ಕಮ್ಮಿ ಅಂದರೆ, ಹಿಂದೆ ಅವನು ನನಗೆಂದೇ ಏರಿಸಿ ಹೇಳುತ್ತಿದ್ದನಲ್ಲ, ಅಷ್ಟೇ.

ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣವೇ ಸ್ಕೂಟರು ತಿರುಗಿಸಿ ಹೋಗಿ ಬೀದಿಯ ಜನವನ್ನೆಲ್ಲ ಸೇರಿಸುತ್ತಿದ್ದೆ. ಹೋಗಲಿಲ್ಲ. ಒಂದೇ ಬೆಲೆಯ ಬೋರ್ಡಿನ ಕೆಳಗೆ ಕೂತು ನನ್ನಿಂದ ಹೆಚ್ಚಿಗೆ ಕಿತ್ತುಕೊಂಡನೋ, ಆ ಬೋರ್ಡಿನ ಕೆಳಗೇ ನನ್ನನ್ನು ಆಟಕ್ಕೆ ಕರೆದನೋ? ಮೋಸವಾದರೆ ಅವನನ್ನು ಮರೆಯುವುದು ಸುಲಭ. ಹಾಗಾಗಲಿ ಅಂತ ಎಷ್ಟೋ ಸಲ ಬೇಡಿಕೊಂಡಿದ್ದೇನೆ. ಆದರೆ ಫ್ಯಾನಿನ ಮೇಲೆ ಇಟ್ಟುಕೊಂಡಿದ್ದ ಆ ಕೈ ಕಣ್ಣಮುಂದೆ ಬರುತ್ತದೆ. ಜೀವನವೆಲ್ಲ ಎದುರಿಗಿರುವವನ ಮುಖ ನೋಡಿ ಬೆಲೆ ಹೇಳಿದವನು ನಾನು. ಆವತ್ತೊಂದು ದಿನ ಬೋರ್ಡು ನೋಡಿದೆ, ಮುಖ ನೋಡಲಿಲ್ಲ.

ಹೋಗಿ ಕೇಳಬಹುದು. ಸ್ಕೂಟರಿದೆ, ದಾರಿ ಗೊತ್ತಿದೆ. ಎರಡರಲ್ಲಿ ಯಾವ ಉತ್ತರ ಬಂದರೂ ನನಗೆ ನಷ್ಟವೇ ಅನ್ನಿಸಿ ಸುಮ್ಮನಾಗುತ್ತೇನೆ. ನಷ್ಟದ ವ್ಯಾಪಾರಕ್ಕೆ ಕೈ ಹಾಕಬೇಡಿ ಎಂದು ನಿಮಗೂ ಹೇಳುತ್ತಿದ್ದೆ. ಆದರೆ ನನ್ನ ಸಲಹೆಗಳನ್ನು ಈಗ ನಾನೇ ಅಷ್ಟಾಗಿ ನಂಬುವುದಿಲ್ಲ.

ಮೊನ್ನೆ ಆಯುಧಪೂಜೆಗೆ ಡ್ರಾಯರು ಒರೆಸುವಾಗ ಶೈಲಾ ಮತ್ತೆ ಅದನ್ನು ಎತ್ತಿದಳು. ಹಾರದ ನಾರನ್ನು ಡಬ್ಬದಿಂದ ದೂರ, ಮೇಜಿನ ಕಾಲಿಗೆ ಕಟ್ಟುತ್ತಿದ್ದೆ. "ಇದೇನ್ರೀ, ಹೊಸದು ಹಾಗೇ ಕೊಳೀತಿದೆ," ಅಂದಳು, "ಹಳೇದಂತೂ ಸಾಯೋ ಹಾಗೆ ಕಾಣಲ್ಲ. ವಾಪಸ್ ಕೊಟ್ಟು ದುಡ್ಡಾದರೂ ಇಸ್ಕೊಂಡು ಬನ್ನಿ."

ಅವಳ ಕೈಯಿಂದ ತೆಗೆದುಕೊಂಡು, ಚೀಟಿಯಿರುವ ಮಗ್ಗುಲನ್ನು ಕೆಳಗೆ ಮಾಡಿ ಡ್ರಾಯರಿನಲ್ಲಿಟ್ಟೆ.

"ಇರಲಿ ಬಿಡು" ಅಂದೆ. "ವ್ಯಾಪಾರ ಇನ್ನೂ ಕುದುರಿಲ್ಲ ಕಣೇ."